ಗಂಗಾಧರಯ್ಯನವರ ಲಘುಕೋನ

ಬಿಳಿಗೆರೆಯ ಗಂಗಾಧರಯ್ಯನವರು ಒಳ್ಳೆಯವರು. ಅವರಲ್ಲಿ ಇದ್ದ ದೋಷ ಒಂದೇ. ಅರ್ಥವಾಗದ ಮಾತು ಕಿವಿಗೆ ಬಿದ್ದರೆ ಅದರ ಅರ್ಥ ಏನು ಅಂತ ಕೇಳುವ ಅಭ್ಯಾಸ ಅವರಿಗಿರಲಿಲ್ಲ. ಲೋಯರ್ ಸೆಕೆಂಡರಿ ಪಾಸು ಮಾಡಿದವರು ಇನ್ನೊಬ್ಬರನ್ನು ಅರ್ಥ ಕೇಳಬಾರದು ಅನ್ನುವುದು ಅವರ ಅಭಿಪ್ರಾಯ. ಊರಿನವರಿಗೆ ಪೇಪರು ಓದಿ ಹೇಳುತ್ತಿದ್ದವರೂ ಅವರೇ. ಗೊತ್ತಿಲ್ಲದ ಪದ ಬಂದರೆ ಒಂದು ಸಲ ಕೆಮ್ಮಿ ಮುಂದಕ್ಕೆ ಹೋಗುತ್ತಿದ್ದರು. ಕೇಳುವವರು ಆ ಕೆಮ್ಮನ್ನೂ ಸುದ್ದಿಯ ಭಾಗವೆಂದೇ ತಿಳಿದಿದ್ದರು.

ಎಪ್ಪತ್ತೊಂಬತ್ತನೇ ಇಸವಿಯ ಬೇಸಿಗೆಯಲ್ಲಿ ಊರ ಗಾಡಿ ಜಾಡಿಗೆ ಜಲ್ಲಿ ಹಾಕಿ ರಸ್ತೆ ಮಾಡುವುದೆಂದು ತೀರ್ಮಾನವಾಯಿತು. ಜಾಡಿನ ಪಕ್ಕದ ತೋಟಗಳ ನಕ್ಷೆ ಬರೆಯಲು ತಾಲ್ಲೂಕು ಕಚೇರಿಯಿಂದ ಸರ್ವೇಯರ್ ಶ್ರೀರಂಗಯ್ಯನವರು ಬಂದರು. ಇಪ್ಪತ್ತು ವರ್ಷದಿಂದ ಅವರು ನಕ್ಷೆಯನ್ನೆಲ್ಲ ಇಂಗ್ಲಿಷಿನಲ್ಲಿ ಬರೆಯುತ್ತಿದ್ದರು. ಯಾರಿಗೂ ಅರ್ಥವಾಗುತ್ತಿರಲಿಲ್ಲ, ಆದ್ದರಿಂದ ಯಾರೂ ಜಗಳ ತೆಗೆದಿರಲಿಲ್ಲ. ಆ ವರ್ಷ ಕಡತಗಳೆಲ್ಲ ಕನ್ನಡದಲ್ಲೇ ಇರಬೇಕು ಅಂತ ಸುತ್ತೋಲೆ ಬಂದಿತ್ತು. ಶ್ರೀರಂಗಯ್ಯನವರು ಶ್ರದ್ಧೆಯ ಮನುಷ್ಯ. ಮಗನ ಹೈಸ್ಕೂಲು ಗಣಿತದ ಪುಸ್ತಕ ಇಟ್ಟುಕೊಂಡು ಬೇಕಾದ ಪದಗಳನ್ನೆಲ್ಲ ಬಾಯಿಪಾಠ ಮಾಡಿದ್ದರು.

ಗಂಗಾಧರಯ್ಯನವರ ತೆಂಗಿನ ತೋಟಕ್ಕೂ ತಿಪ್ಪಯ್ಯನ ತೋಟಕ್ಕೂ ನಡುವೆ ಒಂದು ಬದು. ಮೇಲ್ಗಡೆ ಗುರುತಿನ ಕಲ್ಲಿನಿಂದ ಹೊರಟು, ಸ್ವಲ್ಪ ತಿಪ್ಪಯ್ಯನ ಕಡೆಗೆ ವಾಲಿಕೊಂಡು, ಓರೆಯಾಗಿ ಇಳಿದು ರಸ್ತೆಗೆ ಬಂದು ಮುಟ್ಟುತ್ತದೆ. ಹಾಗಾಗಿ ರಸ್ತೆ ಹತ್ತಿರ ಬರುತ್ತ ಬರುತ್ತ ಗಂಗಾಧರಯ್ಯನವರ ತೋಟ ಅಗಲವಾಗುತ್ತದೆ, ತಿಪ್ಪಯ್ಯನದು ಸಣ್ಣಗಾಗುತ್ತದೆ. ಇಬ್ಬರ ಮುತ್ತಾತಂದಿರ ಕಾಲದಿಂದ ಅದು ಹಾಗೆಯೇ ಇತ್ತು. ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ.

ನಕ್ಷೆ ಮುಗಿಸಿ ಶ್ರೀರಂಗಯ್ಯನವರು ಇಬ್ಬರನ್ನೂ ಬದುವಿನ ಕೊನೆಗೆ ಕರೆದು, ಸಹಿಗೆ ಮುಂಚೆ ಗಟ್ಟಿಯಾಗಿ ಓದಿದರು.

"ಬದು ರಸ್ತೆಯನ್ನು ಸೇರುವ ಕಡೆ, ಗಂಗಾಧರಯ್ಯನವರ ಪಾಲಿನದು ಲಘುಕೋನ. ತಿಪ್ಪಯ್ಯನವರ ಪಾಲಿನದು ವಿಶಾಲಕೋನ."

ಗಂಗಾಧರಯ್ಯನವರು ಅಭ್ಯಾಸದಂತೆ ಕೆಮ್ಮಿದರು. ಸಹಿಯನ್ನೂ ಹಾಕಿದರು. ಸರ್ವೇಯರು ಬಸ್ಸು ಹಿಡಿಯಲು ಓಡಿದರು. ಬಸ್ಸಿನ ಧೂಳು ಅಡಗಿದ ಮೇಲೆ ಗಂಗಾಧರಯ್ಯನವರ ತಲೆಯೊಳಗೆ ಆ ವಾಕ್ಯ ನಿಧಾನವಾಗಿ ಬಿಚ್ಚಿಕೊಂಡಿತು. ನಂದು ಲಘು. ಅವನದು ವಿಶಾಲ.

"ತಿಪ್ಪ, ಆವಯ್ಯ ಏನಂದ್ರು?" ಅಂದರು.

"ನಂದು ವಿಶಾಲ ಅಂದ್ರು ಕಣಣ್ಣ," ಅಂದ ತಿಪ್ಪಯ್ಯ. ಅವನಿಗೂ ಅರ್ಥ ಗೊತ್ತಿರಲಿಲ್ಲ. ಆದರೆ ವಿಶಾಲ ಅನ್ನುವುದು ಬೈಗುಳವಲ್ಲ ಅನ್ನುವಷ್ಟು ಗೊತ್ತಿತ್ತು. ಟವಲು ಒದರಿ ಹೆಗಲ ಮೇಲೆ ಹಾಕಿಕೊಂಡು ಸೀದಾ ಭೈರಮ್ಮನ ಹೋಟೆಲಿಗೆ ಹೋದ.

ಭೈರಮ್ಮನ ಹೋಟೆಲಿನಲ್ಲಿ ಒಂದು ಸುದ್ದಿ ಟೀ ಕುದಿಯುವುದರೊಳಗೆ ಮೂರು ಸುದ್ದಿಯಾಗುತ್ತದೆ. ಮೊದಲು, ತಿಪ್ಪಯ್ಯನ ಮೂಲೆ ವಿಶಾಲ ಎಂದಾಯಿತು. ಆಮೇಲೆ ತಿಪ್ಪಯ್ಯನ ತೋಟವೇ ವಿಶಾಲ ಎಂದಾಯಿತು. ಲೋಟ ಕೈಗೆ ಬರುವ ಹೊತ್ತಿಗೆ ಗಂಗಾಧರಯ್ಯನವರ ತೋಟವನ್ನು ಸರ್ಕಾರ ಲಘು ಅಂತ ಬರೆದುಕೊಂಡು ಹೋಗಿದೆ ಎಂದಾಯಿತು.

"ಲಘು ಅಂದ್ರೆ ಏನಪ್ಪ?" ಅಂತ ಒಬ್ಬ ಕೇಳಿದ.

"ಹಗೂರ," ಅಂದಳು ಭೈರಮ್ಮ. "ಕಾಯಿ ಅಳ್ಳಾಡಿಸಿದ್ರೆ ಸದ್ದೇ ಬರಲ್ಲ ನೋಡು, ಅಂಗೆ. ಒಳಗೇನೂ ಇರಲ್ಲ."

ಈ ಮಾತು ಸಂಜೆಯೊಳಗೆ ಗಂಗಾಧರಯ್ಯನವರ ಮನೆ ತಲುಪಿತು.

ಅವರ ಹೆಂಡತಿ ಚಿಕ್ಕಗೌರಮ್ಮ ಅಂಗಳದಲ್ಲಿ ಕೂತು ಸೋಗೆ ಹೆಣೆಯುತ್ತಿದ್ದರು. ಗಂಡನ ಮುಖ ನೋಡಿ, "ಏನಾಯ್ತು?" ಅಂದರು.

"ಲಘು ಅಂತ ಬರದ್ಬುಟ್ರು ಕಣೇ."

"ಎಷ್ಟು ಮರ ಹೋದ್ವು?"

"ಮರ ಹೋಗಿಲ್ಲ. ಮರ್ಯಾದೆ ಹೋಯ್ತು."

"ಅಷ್ಟೇ ತಾನೆ," ಅಂದು ಚಿಕ್ಕಗೌರಮ್ಮ ಇನ್ನೊಂದು ಸೋಗೆ ಎಳೆದುಕೊಂಡರು.

ಮಗಳು ದಾಕ್ಷಾಯಿಣಿ ಬಾಗಿಲಲ್ಲಿ ನಿಂತಿದ್ದಳು. ತಿಪಟೂರಿಗೆ ದಿನಾ ಬಸ್ಸಿನಲ್ಲಿ ಹೋಗಿ ಬಂದು ಎಸ್ಸೆಸ್ಸೆಲ್ಸಿ ಮಾಡಿದ ಹುಡುಗಿ. "ಅಪ್ಪಾಜಿ, ಲಘುಕೋನ ಅಂದ್ರೆ ಬೈದಂಗಲ್ಲ. ತೊಂಬತ್ತು ಡಿಗ್ರಿಗಿಂತ..." ಅಂತ ಶುರು ಮಾಡಿದಳು.

"ಡಿಗ್ರಿ ಮಾತು ಡಿಗ್ರಿ ಓದಿದೋರು ಆಡ್ಲಿ. ನೀನು ಒಳೀಕ್ಕೆ ಹೋಗು," ಅಂದರು ಗಂಗಾಧರಯ್ಯನವರು. ಅಲ್ಲಿಗೆ ಆ ಮನೆಯಲ್ಲಿ ಇದ್ದ ಒಂದೇ ಒಂದು ಸರಿಯಾದ ವಿವರಣೆ ಅಡಿಗೆಮನೆ ಸೇರಿತು.

ವಿಷಯ ಇಲ್ಲಿಗೇ ನಿಲ್ಲಬಹುದಿತ್ತು. ಆದರೆ ಆ ಭಾನುವಾರವೇ ಹಾಲ್ಕುರಿಕೆಯ ಬಸವರಾಜಪ್ಪನವರು ಬರುವುದಿತ್ತು. ಅವರ ಮಗನಿಗೆ ದಾಕ್ಷಾಯಿಣಿಯನ್ನು ತರುವ ಮಾತು ಮುಕ್ಕಾಲು ಮುಗಿದಿತ್ತು. ಹುಡುಗ ಹುಡುಗಿ ಒಪ್ಪಿದ್ದರು, ಜಾತಕ ಒಪ್ಪಿತ್ತು, ದಿನ ಗೊತ್ತು ಮಾಡುವುದೊಂದು ಬಾಕಿ. ಬಸವರಾಜಪ್ಪನವರು ತಮ್ಮ ತಾಯಿ ಅಂಕಮ್ಮನವರನ್ನೂ ಕರೆದುಕೊಂಡು ಬಂದರು. ಅಂಕಮ್ಮನವರಿಗೆ ಎಂಬತ್ತರ ಹತ್ತಿರ. ಕಣ್ಣು ಚುರುಕು, ಕಿವಿ ಮಂದ. ಬಸ್ಸಿಳಿದ ಮೇಲೆ ಅವರಿಬ್ಬರೂ ಸ್ವಲ್ಪ ಸುಧಾರಿಸಿಕೊಂಡದ್ದು ದುರದೃಷ್ಟವಶಾತ್ ಭೈರಮ್ಮನ ಹೋಟೆಲಿನಲ್ಲಿ.

ಮನೆಗೆ ಬಂದು, ಕಾಲು ತೊಳೆದು, ಪಾನಕ ಕುಡಿದು, ಅಂಕಮ್ಮನವರು ಬಾಯಿ ಒರೆಸಿಕೊಂಡು ನೇರವಾಗಿ ಕೇಳಿದರು.

"ಗಂಗಾಧರಪ್ಪ, ನಿಮ್ಮ ಕೋಣ ಲಘುವಂತೆ?"

ಗಂಗಾಧರಯ್ಯನವರು ಕೆಮ್ಮಿದರು.

"ಅವ್ವಾ, ಕೋಣ ಅಲ್ಲ, ಕೋನ," ಅಂದರು ಬಸವರಾಜಪ್ಪನವರು ತಾಯಿಯ ಕಿವಿಯ ಹತ್ತಿರ.

"ಅದೇ ಕಣಪ್ಪ ನಾನೂ ಹೇಳ್ತಿರೋದು, ಕೋಣ. ಊರ ತುಂಬ ಕೊಬ್ಬರಿ ಇಟ್ಕೊಂಡು ಒಂದು ಮುಷ್ಟಿ ಹಿಂಡಿ ಹಾಕಕ್ಕಾಗಲ್ವಾ? ಪಕ್ಕದ ಮನೆ ತಿಪ್ಪಯ್ಯಂದು ವಿಶಾಲವಾಗಿ ಬೆಳೆದೈತಂತೆ! ಮೂಕಪ್ರಾಣೀನೇ ಸೊರಗಿಸಿರೋರು ಮಗಳನ್ನ ಹೆಂಗೆ ಸಾಕಿದಾರೋ!"

ಒಳಗಿನಿಂದ ದಾಕ್ಷಾಯಿಣಿ ಕೆಮ್ಮಿದಳು. ಅದು ಅಪ್ಪನ ಕೆಮ್ಮಲ್ಲ, ನಗು ತಡೆದ ಕೆಮ್ಮು.

ಬಸವರಾಜಪ್ಪನವರು ಮಿತಭಾಷಿ. ಎದ್ದು ಹೊರಡುವಾಗ ಗಂಗಾಧರಯ್ಯನವರನ್ನು ಪಕ್ಕಕ್ಕೆ ಕರೆದರು. "ನಮಗೇನಿಲ್ಲ ಗಂಗಾಧರಯ್ಯನೋರೆ. ಹುಡುಗಿ ಚಿನ್ನ. ಆದ್ರೆ ನೋಡಿ, ಸರ್ಕಾರಿ ಕಾಗದದಲ್ಲಿ ಲಘು ಅಂತ ಬಂದುಬಿಟ್ರೆ ನಾಳೆ ನಮ್ಮ ಅಣ್ಣತಮ್ಮಂದಿರು ಒಂದು ಮಾತು ಆಡ್ತಾರೆ. ಅದೊಂದು ಸರಿ ಮಾಡಿಸ್ಕೊಂಡು ಹೇಳಿಕಳಿಸಿ. ದಿನ ಇಟ್ಕೊಳ್ಳೋಣ."

ಗಂಗಾಧರಯ್ಯನವರಿಗೆ ಅಂದು ಊಟ ಸೇರಲಿಲ್ಲ.

ಮಾರನೆಯ ದಿನ ತಿಪಟೂರಿಗೆ ಹೋದರು. ಕಚೇರಿ ಮುಂದೆ ಮರದ ಕೆಳಗೆ ಕೂತು ಅರ್ಜಿ ಬರೆದುಕೊಡುವ ದುರ್ಗಯ್ಯ ಪೂರ್ತಿ ಕೇಳಿಸಿಕೊಂಡ. ಅವನೂ ಅರ್ಥ ಕೇಳುವವನಲ್ಲ. ಹೊಸ ನಿಬ್ಬು ಹಾಕಿ ಬರೆದ.

"ಮಾನ್ಯರೇ, ತಮ್ಮ ಸರ್ವೇಯರವರು ನನ್ನನ್ನು ಲಘುವಾಗಿಯೂ ಪಕ್ಕದ ತಿಪ್ಪಯ್ಯನನ್ನು ವಿಶಾಲವಾಗಿಯೂ ಕಂಡಿರುತ್ತಾರೆ. ನಮ್ಮ ಮನೆತನದಲ್ಲಿ ಈವರೆಗೆ ಯಾರೂ ಲಘುವಾಗಿ ನಡೆದುಕೊಂಡಿರುವುದಿಲ್ಲ. ಆದ್ದರಿಂದ ತಾವು ದಯಮಾಡಿ ನನ್ನನ್ನು ವಿಶಾಲಗೊಳಿಸಿಕೊಡಬೇಕೆಂದು ಪ್ರಾರ್ಥನೆ."

ಹೆಡ್ ಗುಮಾಸ್ತರು ಅದನ್ನು ಎರಡು ಸಲ ಓದಿ, ಅರ್ಜಿದಾರರನ್ನು ಕಾಲಿನಿಂದ ತಲೆಯವರೆಗೆ ಒಂದು ಸಲ ನೋಡಿದರು. ಗಂಗಾಧರಯ್ಯನವರು ಸಣಕಲು ಮನುಷ್ಯ. "ಇದು ಆಸ್ಪತ್ರೆಗೆ ಹೋಗಬೇಕಾದ ಅರ್ಜಿ ಇದ್ದಂಗಿದೆಯಲ್ರೀ," ಅಂದರು. ಆಮೇಲೆ ಸರ್ವೇಯರ್ ಅನ್ನುವ ಪದ ಕಣ್ಣಿಗೆ ಬಿದ್ದು ಶ್ರೀರಂಗಯ್ಯನವರನ್ನು ಕರೆಸಿದರು.

ಶ್ರೀರಂಗಯ್ಯನವರು ಸಮಾಧಾನವಾಗಿ ಹೇಳಿದರು. "ಗಂಗಾಧರಯ್ಯನೋರೆ, ಲಘುಕೋನ ಅಂದ್ರೆ ಎರಡು ಗೆರೆ ಸೇರುವ ಕಡೆ ಬಾಯಿ ಕಮ್ಮಿ ತೆರೆದಿದೆ ಅಂತ. ನಿಮ್ಮದು ಎಪ್ಪತ್ತು, ಅವರದು ನೂರಾಹತ್ತು..."

"ನೋಡಿದ್ರಾ! ಸ್ವಾಮಿ, ನಂಗೆ ಎಪ್ಪತ್ತು, ಅವನಿಗೆ ನೂರಾಹತ್ತು! ಅವತ್ತು ನೀವು ಅವನ ತೋಟದ ಎಳನೀರು ಕುಡಿದಾಗಲೇ ಅಂದ್ಕೊಂಡೆ."

"ನಿಮ್ಮ ತೋಟದ್ದೂ ಎರಡು ಕುಡಿದೆ."

"ಮತ್ತೆ ಆ ನ್ಯಾಯಕ್ಕಾದ್ರೂ ತೊಂಬತ್ತು ತೊಂಬತ್ತು ಮಾಡಬೌದಿತ್ತಲ್ಲ!"

"ಅಂಕಿ ನಾನು ಕೊಡೋದಲ್ಲ ಸ್ವಾಮಿ, ನೆಲದಲ್ಲಿ ಇದ್ದದ್ದು. ನಿಮ್ಮ ಒಳ್ಳೇದಕ್ಕೆ ಹೇಳ್ತೀನಿ, ಲಘು ಇರೋದೇ ನಿಮಗೆ..."

"ನನ್ನ ಮಗಳ ಮದುವೆ ನಿಂತೈತೆ. ಅವನಿಗೆ ಲಘು ಅಂತ, ನನಗೆ ವಿಶಾಲ ಅಂತ ಬರೀರಿ. ನಿಮ್ಮ ಗಂಟೇನು ಹೋಯ್ತದೆ? ಎರಡು ತೊಟ್ಟು ಮಸಿ!"

ಶ್ರೀರಂಗಯ್ಯನವರು ನಕ್ಷೆ ಮಡಿಚಿಟ್ಟರು. ಕಾಗದದ ಮೇಲೆ ತಿಳಿಯದವರಿಗೆ ನೆಲದ ಮೇಲೆ ತಿಳಿಯುತ್ತದೆ ಅನ್ನುವುದು ಇಪ್ಪತ್ತು ವರ್ಷದ ಅವರ ಅನುಭವ. "ಬರೆಯೋದು ಬದಲಾಗಬೇಕಾದ್ರೆ ಬದು ಬದಲಾಗಬೇಕು. ತಿಪ್ಪಯ್ಯನೋರು ಒಪ್ಪಿ ಬರೆದುಕೊಟ್ರೆ ಬರೋ ಸೋಮವಾರ ಬಂದು ಗುರುತು ಹಾಕ್ತೀನಿ," ಅಂದರು.

ಈಗ ತಿಪ್ಪಯ್ಯ ಒಪ್ಪಬೇಕು. ಅವನು ಆ ಒಂದು ವಾರದಲ್ಲಿ ವಿಶಾಲವಾಗಿಯೇ ಬದಲಾಗಿಬಿಟ್ಟಿದ್ದ. ನಡಿಗೆ ನಿಧಾನವಾಗಿತ್ತು. ಪಂಚಾಯಿತಿ ಕಟ್ಟೆಯಲ್ಲಿ ಮೊದಲು ಮೂಲೆಯಲ್ಲಿ ಕೂರುತ್ತಿದ್ದವನು ನಡುವೆ ಕೂರುತ್ತಿದ್ದ. ಗಂಗಾಧರಯ್ಯನವರು ಹೋಗಿ, "ತಿಪ್ಪ, ನಿನ್ನ ವಿಶಾಲ ನಂಗೆ ಬುಟ್ಕೊಡು," ಅಂದಾಗ ಅವನ ಮುಖ ಬಾಡಿತು.

"ಅಣ್ಣ, ಬೇರೇನಾದ್ರೂ ಕೇಳು. ಎತ್ತು ಕೇಳು, ಒಂದು ದಿನದ ನೀರು ಕೇಳು. ಜಲ್ಮದಲ್ಲಿ ಒಂದ್ಸಲ ಸರ್ಕಾರ ನಂಗೆ ಒಂದು ಒಳ್ಳೆ ಮಾತು ಬರೆದೈತೆ."

"ದಾಕ್ಷಾಯಿಣಿ ಮದುವೆ ಕಣ್ಲಾ."

ತಿಪ್ಪಯ್ಯ ಟವಲನ್ನು ಹೆಗಲಿನಿಂದ ಇಳಿಸಿದ. ದಾಕ್ಷಾಯಿಣಿ ಮಗುವಾಗಿದ್ದಾಗ ಅವನ ಹೆಗಲ ಮೇಲೆ ಕೂತು ಊರು ಸುತ್ತಿದ್ದವಳು. "ಅಂಗಾದ್ರೆ ತಗೋ ಬುಡು," ಅಂದ. "ನಾನು ಲಘು ಆಯ್ತೀನಿ."

ಹೋಟೆಲಿನಲ್ಲಿ ಭೈರಮ್ಮ ಕಣ್ಣೊರೆಸಿಕೊಂಡು ಅವನಿಗೆ ಅಂದು ಟೀ ಜೊತೆ ಎರಡು ಬೋಂಡ ಹಾಕಿದಳು. "ಪಕ್ಕದ ಮನೆ ಹುಡುಗಿಗೋಸ್ಕರ ವಿಶಾಲಾನೇ ಬುಟ್ಟ ಕಣ್ರಪ್ಪ. ಯಾರು ಬುಡ್ತಾರೆ ಈ ಕಾಲದಲ್ಲಿ?" ಅಂದಳು. ಏನನ್ನು ಬಿಟ್ಟ ಅನ್ನುವುದು ಬಿಟ್ಟವನಿಗೂ ಪಡೆದವನಿಗೂ ಗೊತ್ತಿರಲಿಲ್ಲವಾದ್ದರಿಂದ ವ್ಯವಹಾರ ಬಹಳ ಪ್ರೀತಿಯಿಂದ ನಡೆಯಿತು.

ಸೋಮವಾರ ಬೆಳಿಗ್ಗೆ ಬದುವಿನ ಹತ್ತಿರ ಅರ್ಧ ಊರು ಸೇರಿತ್ತು. ಹಾಲ್ಕುರಿಕೆಯಿಂದ ಬಸವರಾಜಪ್ಪನವರೂ ಬಂದಿದ್ದರು. ಕೋಣವನ್ನು ಕಣ್ಣಾರೆ ನೋಡಬೇಕೆಂದು ಅಂಕಮ್ಮನವರೂ ಬಂದು, ಮರದ ನೆರಳಲ್ಲಿ ಕೂತು, ಎಲ್ಲೂ ಕೋಣ ಕಾಣದೆ ಅಸಮಾಧಾನದಲ್ಲಿದ್ದರು. ಚಿಕ್ಕಗೌರಮ್ಮ ಮತ್ತು ದಾಕ್ಷಾಯಿಣಿ ಬುತ್ತಿ ತಂದು ಒಂದು ಪಕ್ಕ ನಿಂತಿದ್ದರು.

ಶ್ರೀರಂಗಯ್ಯನವರು ಮೇಲಿನ ಗುರುತಿನ ಕಲ್ಲಿಗೆ ಹಗ್ಗ ಕಟ್ಟಿಸಿದರು. "ಈ ಕಲ್ಲಲ್ಲಿ ಇನ್ನೊಬ್ಬರ ಜಮೀನೂ ಸೇರುತ್ತೆ. ಇದನ್ನ ಕದಲಿಸೋ ಹಾಗಿಲ್ಲ. ಕದಲಿಸೋದಾದ್ರೆ ಬದುವಿನ ಕೆಳಗಿನ ತುದೀನೇ ಕದಲಿಸಬೇಕು. ಒಪ್ಪಿಗೆಯೋ?"

"ಒಪ್ಪಿಗೆ," ಅಂದರು ಗಂಗಾಧರಯ್ಯನವರು.

"ಒಪ್ಪಿಗೆ," ಅಂದ ತಿಪ್ಪಯ್ಯ, ಧ್ವನಿ ಸಣ್ಣಗೆ ಮಾಡಿಕೊಂಡು. ಲಘುವಾಗುವುದಕ್ಕೆ ಆಗಲೇ ತಯಾರಿ ನಡೆಸಿದ್ದ.

ಸರ್ವೇಯರು ಹಗ್ಗದ ಕೆಳತುದಿ ಹಿಡಿದು, ಬದು ರಸ್ತೆ ಮುಟ್ಟುವ ಕಡೆ ಬಂದು ನಿಂತರು. ಅಲ್ಲಿಂದ ರಸ್ತೆಯ ಅಂಚು ಹಿಡಿದು ನಡೆಯತೊಡಗಿದರು, ಗಂಗಾಧರಯ್ಯನವರ ತೋಟದ ಕಡೆಗೆ.

"ಸ್ವಾಮೀ, ಆ ಕಡೆ! ಆ ಕಡೆಗೆ ತಿಪ್ಪನ ತೋಟ!"

"ಗೊತ್ತು," ಅಂದರು ಶ್ರೀರಂಗಯ್ಯನವರು. ಹತ್ತು ಹೆಜ್ಜೆ ಹೋಗಿ ನಿಂತು, ಜೇಬಿನಿಂದ ಪುಟ್ಟ ಹಿತ್ತಾಳೆ ಉಪಕರಣ ತೆಗೆದು ಕಣ್ಣಿಗೆ ಹಿಡಿದು ನೋಡಿದರು. "ಇನ್ನೂ ಲಘುವೇ," ಅಂದರು.

ಇನ್ನು ಹತ್ತು ಹೆಜ್ಜೆ. "ಇನ್ನೂ ಲಘುವೇ."

ಇನ್ನು ಹತ್ತು ಹೆಜ್ಜೆ. "ಈಗ ಲಂಬ. ಇಬ್ಬರಿಗೂ ತೊಂಬತ್ತು ತೊಂಬತ್ತು. ಇಲ್ಲಿಗೆ ನಿಲ್ಲಿಸ್ಲೋ?"

ಗಂಗಾಧರಯ್ಯನವರು ಹಗ್ಗವನ್ನೊಮ್ಮೆ, ತಮ್ಮ ಮರಗಳನ್ನೊಮ್ಮೆ ನೋಡಿದರು. ಆದರೆ ಅಷ್ಟು ಜನ ನೋಡುತ್ತಿದ್ದಾರೆ. ಬೀಗರು ನೋಡುತ್ತಿದ್ದಾರೆ. "ಪೂರ್ತಿ ವಿಶಾಲ ಆಗ್ಲಿ ಸ್ವಾಮಿ, ಅರ್ಧಂಬರ್ಧ ಬ್ಯಾಡ," ಅಂದರು.

ಇನ್ನು ಹತ್ತು ಹೆಜ್ಜೆ ಹೋಗಿ ಶ್ರೀರಂಗಯ್ಯನವರು ಗೂಟ ಹೊಡೆಸಿ ಹಗ್ಗ ಬಿಗಿದರು. "ಇದು ಶುದ್ಧ ವಿಶಾಲಕೋನ. ಹಗ್ಗದಿಂದ ಹಳೇ ಬದುವಿನ ಕಡೆಗಿರೋದು ಇನ್ನು ಮುಂದೆ ತಿಪ್ಪಯ್ಯನೋರದು. ಇಬ್ಬರೂ ಬನ್ನಿ, ಸಹಿ ಹಾಕಿ."

ಚಿಕ್ಕಗೌರಮ್ಮ ಬುತ್ತಿ ಕೆಳಗಿಟ್ಟು, ಹಗ್ಗದ ಗುಂಟ ಒಂದು ಸಲ ಮೇಲಕ್ಕೆ ಹೋಗಿ ಹಳೇ ಬದುವಿನ ಗುಂಟ ಇಳಿದು ಬಂದರು. ಬೆರಳು ಮಡಿಚುತ್ತಲೇ ಬಂದರು.

"ಹನ್ನೊಂದು ಮರ," ಅಂದರು. "ಅದ್ರಾಗೆ ನಮ್ಮತ್ತೆ ಇಟ್ಟ ಗೆಂದಾಳೆ ಮರವೂ ಒಂದು. ಏನ್ರೀ, ವಿಶಾಲ ಆಗೋದು ಅಂದ್ರೆ ಮರ ಕೊಡೋದಾ?"

ಗಂಗಾಧರಯ್ಯನವರು ಕೆಮ್ಮಿದರು. ಆದರೆ ಈ ಸಲ ಮುಂದಕ್ಕೆ ಹೋಗಲು ಜಾಗವಿರಲಿಲ್ಲ. ಹಗ್ಗ ಅಡ್ಡ ಇತ್ತು.

"ದಾಕ್ಷಾಯಿಣಿ," ಅಂದರು ಮೆತ್ತಗೆ, "ಅವತ್ತು ಏನೋ ಹೇಳಕ್ಕೆ ಬಂದ್ಯಲ್ಲವ್ವ. ಏನದು?"

ದಾಕ್ಷಾಯಿಣಿ ಬಿದ್ದಿದ್ದ ಗರಿಯಿಂದ ಮೂರು ಕಡ್ಡಿ ಸೀಳಿಕೊಂಡಳು. ನೆಲದಲ್ಲಿ ಕೂತು ಒಂದನ್ನು ಉದ್ದಕ್ಕೆ ಇಟ್ಟು, "ಇದು ರಸ್ತೆ," ಅಂದಳು. ಇನ್ನೊಂದನ್ನು ಅದರ ನಡುವೆ ಓರೆಯಾಗಿ ನಿಲ್ಲಿಸಿ, "ಇದು ಬದು. ಈ ಕಡೆ ಬಾಯಿ ಕಿರಿದು, ಆ ಕಡೆ ಬಾಯಿ ಅಗಲ. ಕಿರಿದಾಗಿರೋದು ಲಘು, ಅಗಲವಾಗಿರೋದು ವಿಶಾಲ. ಒಂದು ಕಡೆ ಹಿಗ್ಗಿದ್ರೆ ಇನ್ನೊಂದು ಕಡೆ ಕುಗ್ಗುತ್ತೆ ಅಪ್ಪಾಜಿ, ಎರಡೂ ಸೇರಿ ಯಾವಾಗ್ಲೂ ನೂರೆಂಬತ್ತೇ," ಅಂದಳು.

"ತೋಟ ದೊಡ್ದಾದ್ರೆ ಕೋನ ದೊಡ್ದಾಗಲ್ವಾ?" ಅಂದರು ಗಂಗಾಧರಯ್ಯನವರು.

ಅವಳು ಓರೆಕಡ್ಡಿ ತೆಗೆದು, ಅದಕ್ಕಿಂತ ಎರಡರಷ್ಟು ಉದ್ದದ ಮೂರನೇ ಕಡ್ಡಿಯನ್ನು ಅಷ್ಟೇ ಓರೆಯಾಗಿ ಇಟ್ಟಳು. "ಬದು ಉದ್ದ ಆಯ್ತು. ಬಾಯಿ ಅಷ್ಟೇ ಇದೆ ನೋಡಿ. ಕೋನಕ್ಕೆ ಗೆರೆ ಉದ್ದ ಬೇಕಿಲ್ಲ, ಜಮೀನೂ ಬೇಕಿಲ್ಲ. ಎಷ್ಟು ತೆರೆದಿದೆ ಅನ್ನೋದೇ ಲೆಕ್ಕ. ಒಂದು ಗೇಣಿನ ಕತ್ತರಿಗೂ ಲಘುಕೋನ ಇರುತ್ತೆ, ಮೈಸೂರು ಮಹಾರಾಜರ ಜಮೀನಿಗೂ ಇರುತ್ತೆ."

ಗಂಗಾಧರಯ್ಯನವರು ಕುಕ್ಕರಗಾಲಲ್ಲಿ ಕೂತು, ಕಡ್ಡಿಯನ್ನು ತಾವೇ ಕೈಗೆ ತೆಗೆದುಕೊಂಡು, ಈ ಕಡೆ ವಾಲಿಸಿದರು, ಆ ಕಡೆ ವಾಲಿಸಿದರು. ಹಗ್ಗದ ಕಡೆ ನೋಡಿದರು. ಹಳೇ ಬದುವಿನ ಕಡೆ ನೋಡಿದರು. ಐವತ್ತೆರಡು ವರ್ಷದಲ್ಲಿ ಮೊದಲ ಬಾರಿಗೆ ಅವರ ಬಾಯಿಂದ, "ಓಹೋ, ಹಿಂಗೋ!" ಅನ್ನುವ ಮಾತು ಬಂತು.

ಅರ್ಥವಾದದ್ದು ಅವರೊಬ್ಬರಿಗೇ ಅಲ್ಲ. ತಿಪ್ಪಯ್ಯನಿಗೂ ಆಯಿತು. ಅವನು ಹಗ್ಗದ ಒಳಗಿನ ಹನ್ನೊಂದು ಮರವನ್ನು ಬುಡದಿಂದ ತುದಿಯವರೆಗೆ ನೋಡಿದ. ಒಂದೊಂದರಲ್ಲೂ ಗೊನೆ ತೂಗುತ್ತಿತ್ತು.

"ಅಣ್ಣ," ಅಂದ, "ನಾನು ಲಘು ಆಯ್ತೀನಿ ಅಂತ ಮಾತು ಕೊಟ್ಟಿದೀನಿ. ಕೊಟ್ಟ ಮಾತಿಗೆ ತಪ್ಪೋದು ಹೆಂಗೆ?"

ಗಂಗಾಧರಯ್ಯನವರು ಎದ್ದು ನಿಂತರು. ಅರ್ಜಿ ಅವರದು, ಸಹಿ ಅವರದು, ಕೇಳಿಕೊಂಡು ಹೋದವರೂ ಅವರೇ.

ಮಾತಾಡಿದ್ದು ಚಿಕ್ಕಗೌರಮ್ಮ. "ತಿಪ್ಪಣ್ಣ, ಇವ್ರಿಗಂತೂ ಬುದ್ಧಿ ಸಾಲ್ದು, ಅದು ಊರಿಗೇ ಗೊತ್ತು. ನೀನೂ ಕೂಸಿನ ಮದುವೆ ಅಂತ ಬುಟ್ಟೆ. ನಿನ್ನ ಮನಸ್ಸಲ್ಲಿ ಮರ ಇರಲಿಲ್ಲ. ಈಗ ಬಂದೈತೆ. ಬಂದಿದ್ರೆ ಇಟ್ಕೋ. ನಾನು ಬ್ಯಾಡ ಅನ್ನಲ್ಲ."

ಇದಕ್ಕಿಂತ ಬೈದಿದ್ದರೆ ತಿಪ್ಪಯ್ಯನಿಗೆ ಅನುಕೂಲವಾಗುತ್ತಿತ್ತು. ಅವನು ಮರ ನೋಡಿದ, ದಾಕ್ಷಾಯಿಣಿಯನ್ನು ನೋಡಿದ, ಟವಲಿನಲ್ಲಿ ಕತ್ತು ಒರೆಸಿಕೊಂಡ. ನಿಧಾನವಾಗಿ ಗೂಟದ ಹತ್ತಿರ ಹೋಗಿ ಅದನ್ನು ಅಲ್ಲಾಡಿಸಿ ಕಿತ್ತ.

"ಬುಡು ಗೌರಕ್ಕ. ಇಟ್ಟೋರು ನೀವು, ನೀರು ಹುಯ್ದೋರು ನೀವು. ಕಾಯಿ ಕೆಡವಕ್ಕೆ ನಾನು ಬರಾದಾ? ಆದ್ರೆ ಒಂದು ಮಾತು ಸಾಹೇಬ್ರೆ," ಅಂತ ಸರ್ವೇಯರ ಕಡೆ ತಿರುಗಿದ. "ಅವತ್ತು ಓದಿದ್ರಲ್ಲ, ಅದನ್ನ ಇನ್ನೊಂದ್ಸಲ ಓದಿ. ಎಲ್ರೂ ಇಲ್ಲೇ ಅವ್ರೆ. ಜೋರಾಗಿ."

ಶ್ರೀರಂಗಯ್ಯನವರು ಗಂಟಲು ಸರಿಮಾಡಿಕೊಂಡು ಓದಿದರು. "ತಿಪ್ಪಯ್ಯನವರ ಪಾಲಿನದು ವಿಶಾಲಕೋನ." ತಿಪ್ಪಯ್ಯ ಕಣ್ಣು ಮುಚ್ಚಿಕೊಂಡು ಕೇಳಿದ. ಬಸವರಾಜಪ್ಪನವರು ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದರು. ಆಮೇಲೆ ಗಂಗಾಧರಯ್ಯನವರ ಹತ್ತಿರ ಬಂದು, "ದಿನ ಇಟ್ಕೊಳ್ಳೋಣ. ನಮ್ಮನೇಲಿ ನಾಲ್ಕು ಜನ ಗಂಡಸ್ರಿದೀವಿ, ಒಬ್ಬರಿಗೂ ಇಷ್ಟು ಬಿಡಿಸಿ ಹೇಳಕ್ಕೆ ಬರಲ್ಲ," ಅಂದರು.

"ಕೋಣ ಎಲ್ಲಪ್ಪ?" ಅಂದರು ಅಂಕಮ್ಮನವರು.

"ಕೋಣ ಮಾರಿಬುಟ್ರಂತೆ ಅಜ್ಜಿ," ಅಂತ ದಾಕ್ಷಾಯಿಣಿ ಅವರ ಕಿವಿಯಲ್ಲಿ ಹೇಳಿದಳು. ಅಂಕಮ್ಮನವರು ಒಳ್ಳೇದಾಯ್ತು ಅಂದು ಬುತ್ತಿ ಬಿಚ್ಚಲು ಹೇಳಿದರು.

ಮುಂದಿನ ವಾರ ಅರ್ಜಿ ವಾಪಸು ಪಡೆಯಲು ಗಂಗಾಧರಯ್ಯನವರು ಕಚೇರಿಗೆ ಹೋದರು. ದುರ್ಗಯ್ಯ ಮರದ ಕೆಳಗಿನಿಂದ ಕರೆದರೂ ನಿಲ್ಲಲಿಲ್ಲ. ತಾವೇ ಬರೆದರು. ಎರಡೇ ಸಾಲು. ನನ್ನ ಅರ್ಜಿಯನ್ನು ವಾಪಸು ತೆಗೆದುಕೊಂಡಿರುತ್ತೇನೆ. ಕಾರಣ: ಅರ್ಥವಾಯಿತು.

ಹೆಡ್ ಗುಮಾಸ್ತರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ರಾಜಿಯಾದ ಕಾರಣ ವಾಪಸಾದ ಅರ್ಜಿಗೆ ಒಂದು ಕಡತವಿತ್ತು. ಅರ್ಜಿದಾರ ತೀರಿಕೊಂಡ ಕಾರಣಕ್ಕೆ ಒಂದಿತ್ತು. ಅರ್ಜಿದಾರನಿಗೆ ಬೇಸರ ಬಂದ ಕಾರಣಕ್ಕೆ ಎಲ್ಲಕ್ಕಿಂತ ದಪ್ಪದ್ದು ಒಂದಿತ್ತು.

"ಶ್ರೀರಂಗಯ್ಯ," ಅಂತ ಕರೆದರು, "ಅರ್ಥವಾದ ಕಾರಣ ಅಂತ ಬರೆದಿದಾರಲ್ರೀ, ಇದನ್ನ ಯಾವುದಕ್ಕೆ ಸೇರಿಸೋದು?"

"ಈ ಥರದ್ದು ಇದುವರೆಗೆ ಬಂದಿಲ್ಲ ಸಾರ್. ಹೊಸ ಕಡತ ತೆರೀಬೇಕು," ಅಂದರು ಶ್ರೀರಂಗಯ್ಯನವರು.

ತೆರೆದರು. ರಟ್ಟು ಹಾಕಿ, ದಾರ ಕಟ್ಟಿ, ಮೇಲೆ ಕನ್ನಡದಲ್ಲೇ ಹೆಸರು ಬರೆದು, ಬೀರುವಿನ ಮೇಲಿನ ಅರೆಯಲ್ಲಿಟ್ಟರು. ಶ್ರೀರಂಗಯ್ಯನವರು ನಿವೃತ್ತರಾಗುವವರೆಗೂ ಅದರಲ್ಲಿ ಅದೊಂದೇ ಹಾಳೆ ಇತ್ತು.